ಫೊಂತೈನ್ಯಾಸ್: ಪಣಜಿಯ ಹಳೆಯ ಕೇರಿಗೆ ಬಂದ ಹೊಸ ಜೀವ

ಹುಬ್ಬಳ್ಳಿಯಿಂದಲೋ ಕಾರವಾರದಿಂದಲೋ ಹೊರಟ ಬಸ್ಸು ಪಣಜಿಯನ್ನು ಮುಟ್ಟಿ ನಿಂತಾಗ, ಕೆಳಗಿಳಿದವರ ಕಣ್ಣಿಗೆ ಮೊದಲು ಬೀಳುವ ಹೆಸರು ‘ಕದಂಬ’. ಗೋವಾ ಸರ್ಕಾರದ ಸಾರಿಗೆ ನಿಗಮಕ್ಕೆ ಆ ಹೆಸರು; ಬಸ್ ನಿಲ್ದಾಣಕ್ಕೂ ಅದೇ. ಬನವಾಸಿಯ ಅರಸುಮನೆತನದ ಹೆಸರನ್ನು ಹೊತ್ತ ಶಾಖೆಯೊಂದು ಹಿಂದೆ ಗೋವೆಯನ್ನು ಶತಮಾನಗಳ ಕಾಲ ಆಳಿತ್ತು, ಕನ್ನಡದಲ್ಲಿ ಶಾಸನಗಳನ್ನೂ ಬರೆಸಿತ್ತು. ನಿಲ್ದಾಣದಿಂದ ಹೊರಬಂದು ಪಾಟೊ ಸೇತುವೆಯ ಕಡೆಗೆ ನಡೆದರೆ ಔರೆಂ ಎಂಬ ಸಣ್ಣ ಹೊಳೆ ಅಡ್ಡಬರುತ್ತದೆ. ಅದರ ಆಚೆಯ ದಂಡೆಯಲ್ಲಿ ಹಳದಿ, ನೀಲಿ, ಕಾವಿ, ಹಸುರು ಬಣ್ಣದ ಮನೆಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿವೆ. ಆ ಸಾಲಿನ ಹಿಂದಿರುವ ಕೇರಿಯೇ ಫೊಂತೈನ್ಯಾಸ್.

ಪೋರ್ತುಗೀಸ್ ಭಾಷೆಯಲ್ಲಿ ‘ಫೊಂತೆ’ ಎಂದರೆ ನೀರಿನ ಬುಗ್ಗೆ. ಆಲ್ತಿನ್ಯೊ ಎಂಬ ಗುಡ್ಡದ ಬುಡದಲ್ಲಿ, ಮಾಳಾ ಎಂಬ ಭಾಗದಲ್ಲಿ ಇಂದಿಗೂ ‘ಫೊಂತೆ ಫೆನಿಕ್ಸ್’ ಎಂಬ ಹಳೆಯ ಬುಗ್ಗೆಯ ಕಟ್ಟೆಯಿದೆ. ಅಲ್ಲಿಂದಲೇ ಈ ಕೇರಿಗೆ ಹೆಸರು ಬಂದಿತು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಉಬ್ಬರವಿಳಿತದ ಹೊಳೆ. ನಡುವೆ ಇದ್ದುದು ಜವುಗು ನೆಲ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅಂತೋನಿಯೊ ಜೊವಾಂವ್ ದ ಸೆಕ್ವೇರಾ ಎಂಬ ಧನಿಕನೊಬ್ಬನು ಈ ನೆಲವನ್ನು ತೆಂಗಿನ ತೋಟವನ್ನಾಗಿ ಮಾಡಿದನು. ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಹಣ ಗಳಿಸಿ ಬಂದವನಾದುದರಿಂದ ಜನ ಅವನನ್ನು ‘ಮೊಸ್ಮಿಕಾರ್’ ಎಂದು ಕರೆದರು.

ಪೋರ್ತುಗೀಸರ ಮೊದಲ ರಾಜಧಾನಿ ಇಂದಿನ ಹಳೆಗೋವೆ. ಮಲೇರಿಯಾ, ಕಾಲರಾಗಳಂತಹ ರೋಗಗಳ ಹಾವಳಿಯಿಂದ ಆ ನಗರವು ಪಾಳುಬೀಳತೊಡಗಿದಾಗ ಅಧಿಕಾರಿಗಳು, ವ್ಯಾಪಾರಿಗಳು ಒಬ್ಬೊಬ್ಬರಾಗಿ ಪಣಜಿಯತ್ತ ಬಂದರು. 1759ರಲ್ಲಿ ವೈಸರಾಯನ ನಿವಾಸವು ಇಲ್ಲಿಗೆ ಬಂದಿತು. 1843ರ ರಾಜಾಜ್ಞೆಯಿಂದ ಪಣಜಿಯು ‘ನೋವಾ ಗೋವಾ’ ಎಂಬ ಹೆಸರಿನಲ್ಲಿ ರಾಜಧಾನಿಯಾಯಿತು. ಕಚೇರಿಗಳ ನೌಕರರಿಗೆ, ಗುಮಾಸ್ತರಿಗೆ, ವರ್ತಕರಿಗೆ ಮನೆಗಳು ಬೇಕಾದವು. ತೆಂಗಿನ ತೋಟ ಕೇರಿಯಾಯಿತು. ತೋಟದ ಕಾಲುದಾರಿಗಳಂತೆ ಕಾಣುವ ಇಕ್ಕಟ್ಟಾದ ಓಣಿಗಳು ಬೀದಿಗಳಾದವು.

ಈ ಮನೆಗಳಲ್ಲಿ ಎರಡು ದೇಶಗಳ ಕೈಗೆಲಸ ಕೂಡಿದೆ. ಗೋಡೆಗೆ ಊರಿನದೇ ಮುರಕಲ್ಲು, ಅದರ ಮೇಲೆ ಸುಣ್ಣದ ಗಾರೆ. ಮುಂಭಾಗದಲ್ಲಿ ‘ಬಲ್ಕಾಂವ್’ ಎಂಬ ಜಗಲಿ, ಅದರ ಎರಡೂ ಬದಿಗೆ ಕುಳಿತು ಮಾತಾಡಲು ಕಲ್ಲಿನ ಆಸನ. ಮೇಲಂತಸ್ತಿನಲ್ಲಿ ಬೀದಿಗೆ ಬಾಗಿದ ಕಬ್ಬಿಣದ ಕಟಕಟೆಯ ಮೊಗಸಾಲೆ. ಗಾಜು ಅಪರೂಪವಾಗಿದ್ದ ಕಾಲದಲ್ಲಿ ಕಿಟಕಿಗಳಿಗೆ ಒಂದು ಬಗೆಯ ಚಿಪ್ಪನ್ನು ತೆಳುವಾಗಿ ಕತ್ತರಿಸಿ ಮರದ ಚೌಕಟ್ಟಿನಲ್ಲಿ ಕೂರಿಸುತ್ತಿದ್ದರು. ಅದರ ಮೂಲಕ ಬರುವ ಬೆಳಕು ಹಾಲಿನಲ್ಲಿ ಅದ್ದಿ ತೆಗೆದಂತೆ ಮೃದುವಾಗಿರುತ್ತದೆ. ತಲೆಯ ಮೇಲಿನ ಕೆಂಪು ಹಂಚನ್ನು ಕಂಡರೆ ಕರಾವಳಿಯವರಿಗೆ ತಮ್ಮೂರಿನ ನೆನಪಾದೀತು. ಅದು ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಪಶ್ಚಿಮ ಕರಾವಳಿಯ ಮಾಡುಗಳ ರೂಪವೇ ಬದಲಾಯಿತು. ಗೋವೆಯೂ ಅದಕ್ಕೆ ಹೊರತಾಗಲಿಲ್ಲ.

ಬಣ್ಣಗಳ ಬಗ್ಗೆ ಇಲ್ಲಿಯವರು ಒಂದು ಮಾತು ಹೇಳುತ್ತಾರೆ. ಶುಭ್ರವಾದ ಬಿಳಿಯು ಇಗರ್ಜಿಗಳಿಗೆ ಮೀಸಲು. ಉಳಿದವರು ಪ್ರತಿವರ್ಷ ಮಳೆಗಾಲ ಕಳೆದ ಮೇಲೆ ತಮ್ಮ ಮನೆಗೆ ಬೇರೆ ಬಣ್ಣ ಹಚ್ಚಬೇಕೆಂಬ ಕಟ್ಟಳೆ ಹಿಂದೆ ಇತ್ತಂತೆ. ಕಟ್ಟಳೆ ಹೋಗಿದ್ದರೂ ರೂಢಿ ಉಳಿದಿದೆ. ನಾಲ್ಕು ತಿಂಗಳ ಮಳೆಗೆ ಪಾಚಿ ಹಿಡಿದ ಗೋಡೆಯು ಮಳೆ ನಿಂತ ಮೇಲೆ ಮತ್ತೆ ಮದುಮಗಳಂತೆ ಸಿಂಗರಿಸಿಕೊಳ್ಳುತ್ತದೆ.

ಆದರೆ ಈ ಸಿಂಗಾರ ಎಲ್ಲ ಕಾಲದಲ್ಲಿಯೂ ಇರಲಿಲ್ಲ. 1961ರ ಡಿಸೆಂಬರ್ 19ರಂದು ಗೋವೆಯು ಪೋರ್ತುಗೀಸರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಹಳೆಯ ಆಡಳಿತದ ಆಶ್ರಯದಲ್ಲಿದ್ದ ಕೆಲವು ಕುಟುಂಬಗಳು ಲಿಸ್ಬನ್ನಿಗೆ ಹೋದವು. ಬೇರೆ ಹಲವು ಕುಟುಂಬಗಳ ಮಕ್ಕಳು ಉದ್ಯೋಗಕ್ಕಾಗಿ ಮುಂಬಯಿಗೆ, ಕೊಲ್ಲಿ ದೇಶಗಳಿಗೆ, ಇಂಗ್ಲೆಂಡಿಗೆ ತೆರಳಿದರು. ಇದಕ್ಕೆ ಕಾನೂನಿನ ತೊಡಕೂ ಸೇರಿತು. ಗೋವೆಯಲ್ಲಿ ಮುಂದುವರಿದ 1867ರ ಪೋರ್ತುಗೀಸ್ ನಾಗರಿಕ ಸಂಹಿತೆಯ ಪ್ರಕಾರ ಗಂಡು–ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು. ನ್ಯಾಯದ ದೃಷ್ಟಿಯಿಂದ ಇದು ಉತ್ತಮವಾದ ನಿಯಮವೇ ಸರಿ. ಆದರೆ ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಒಂದೇ ಮನೆಗೆ ಹತ್ತಾರು ಜನ ಒಡೆಯರಾಗುತ್ತಾರೆ; ಒಬ್ಬರು ಲಿಸ್ಬನ್ನಿನಲ್ಲಿ, ಒಬ್ಬರು ಲಂಡನ್ನಿನಲ್ಲಿ, ಒಬ್ಬರು ಇಲ್ಲಿಯೇ. ಮಾಡಿನ ಒಂದು ತೊಲೆಯನ್ನು ಬದಲಿಸಬೇಕಾದರೂ ಎಲ್ಲರ ಒಪ್ಪಿಗೆ ಬೇಕು. ಒಪ್ಪಿಗೆ ಬರುವುದರೊಳಗೆ ಮಳೆ ಬರುತ್ತದೆ. ಹೀಗೆ ಅನೇಕ ಮನೆಗಳು ಬೀಗ ಹಾಕಿಕೊಂಡು ಒಳಗೊಳಗೇ ಕುಸಿದವು.

ಕೇರಿಗೆ ಹೊಸ ಜೀವ ಬಂದುದು ಮೆಲ್ಲಮೆಲ್ಲನೆ. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಹತ್ತೊಂಬತ್ತನೆಯ ಶತಮಾನದ ಒಂದು ದೊಡ್ಡ ಮನೆಯು ‘ಪಣಜಿ ಇನ್’ ಎಂಬ ವಸತಿಗೃಹವಾಯಿತು. ಹಳೆಯ ಮಂಚ, ಹಳೆಯ ಬೀರು, ಹಳೆಯ ಮೊಗಸಾಲೆಗಳನ್ನು ಹಾಗೆಯೇ ಉಳಿಸಿ, ಅವನ್ನೇ ನೋಡಲು ಜನ ಬರುವಂತೆ ಮಾಡಬಹುದೆಂಬುದನ್ನು ಅದು ತೋರಿಸಿತು. ಈ ಶತಮಾನದ ಆರಂಭದಲ್ಲಿ ಗೋವಾ ಹೆರಿಟೇಜ್ ಆ್ಯಕ್ಷನ್ ಗ್ರೂಪ್ ಎಂಬ ಸಂಸ್ಥೆಯು ಇಲ್ಲಿ ಕಲೋತ್ಸವ ನಡೆಸಿತು. ಕೇರಿಯ ನಿವಾಸಿಗಳು ತಮ್ಮ ಮನೆಗಳ ಬಾಗಿಲು ತೆರೆದುಕೊಟ್ಟರು; ಪಡಸಾಲೆಗಳು ಕೆಲವು ದಿನಗಳ ಮಟ್ಟಿಗೆ ಚಿತ್ರಶಾಲೆಗಳಾದವು. ಊರಿನವರೇ ಕಣ್ಣೆತ್ತಿ ನೋಡದಿದ್ದ ಗೋಡೆಗಳು ಆ ದಿನಗಳಲ್ಲಿ ಎಲ್ಲರ ಕಣ್ಣಿಗೂ ಬಿದ್ದವು.

ಇಂದು ನಡೆದು ನೋಡುವವರಿಗೆ ದಕ್ಷಿಣದ ತುದಿಯಿಂದ ಹೊರಡುವುದು ಅನುಕೂಲ. ಬುಗ್ಗೆಯ ಮೇಲೆ ಗುಡ್ಡದ ಓರೆಯಲ್ಲಿ ಕಾವಿ ಬಣ್ಣದ ಮಾರುತಿ ದೇವಾಲಯ. ಕೆಳಗೆ ಕೇರಿಯ ಒಳಗೆ ಸಂತ ಸೆಬಾಸ್ಟಿಯನ್ನನ ಪುಟ್ಟ ಬಿಳಿಯ ಪ್ರಾರ್ಥನಾಲಯ. ಅಲ್ಲಿನ ಶಿಲುಬೆಯ ಮೇಲಿನ ಕ್ರಿಸ್ತನು ಬೇರೆಡೆಯಂತೆ ತಲೆ ಬಾಗಿಸಿಲ್ಲ, ಕಣ್ಣು ಮುಚ್ಚಿಲ್ಲ. ನೆಟ್ಟ ನೋಟದಿಂದ ಎದುರಿಗಿರುವವರನ್ನು ನೋಡುತ್ತಿದ್ದಾನೆ. ಈ ಶಿಲುಬೆ ಮೊದಲು ಇದ್ದುದು ಹಳೆಗೋವೆಯ ಧರ್ಮವಿಚಾರಣಾ ಮಂದಿರದಲ್ಲಿ. 1560ರಲ್ಲಿ ಆರಂಭವಾಗಿ 1812ರಲ್ಲಿ ಕೊನೆಗೊಂಡ ಆ ವಿಚಾರಣೆಯ ಕಾಲದ ಭಯದಿಂದಲೂ ಬಲವಂತದಿಂದಲೂ ಬಹಳಷ್ಟು ಕೊಂಕಣಿ ಕುಟುಂಬಗಳು ಗೋವೆಯನ್ನು ತೊರೆದು ದಕ್ಷಿಣಕ್ಕೆ ಬಂದವು. ಕಾರವಾರ, ಮಂಗಳೂರು, ಮಂಜೇಶ್ವರ, ಕೊಚ್ಚಿಗಳವರೆಗೂ ಹಬ್ಬಿ ನೆಲೆಸಿದವು. ಕನ್ನಡಕ್ಕೆ ರಾಷ್ಟ್ರಕವಿ ಗೋವಿಂದ ಪೈಗಳನ್ನು ಕೊಟ್ಟುದು ಮಂಜೇಶ್ವರದ ಆ ಕೊಂಕಣಿ ಸಮುದಾಯವೇ. ಕಾಸರಗೋಡಿನ ನೆಲದಲ್ಲಿ ನಿಂತು ಓದುವವರಿಗೆ ಈ ಸಣ್ಣ ಗುಡಿಯ ಶಿಲುಬೆಯು ದೂರದ ಕಥೆಯಾಗಿ ಕಾಣಲಾರದು.

ಅಲ್ಲಿಂದ ಉತ್ತರಕ್ಕೆ ಸಾಗುವುದು ‘31 ಜನವರಿ ಬೀದಿ’. ಪೋರ್ತುಗಾಲದ ಇತಿಹಾಸದ ಒಂದು ತಾರೀಖನ್ನು ಹೊತ್ತ ಹೆಸರದು. ಇದೇ ಪಣಜಿಯಲ್ಲಿ ಇನ್ನೊಂದು ‘18 ಜೂನ್ ರಸ್ತೆ’ಯೂ ಇದೆ; ಅದು 1946ರಲ್ಲಿ ರಾಮಮನೋಹರ ಲೋಹಿಯಾ ಅವರು ಮಡಗಾಂವಿನಲ್ಲಿ ಸ್ವಾತಂತ್ರ್ಯದ ಕಹಳೆಯೂದಿದ ದಿನದ ನೆನಪು. ಆಳಿದವರ ತಾರೀಖು, ಅವರನ್ನು ಹೊರಗಟ್ಟಿದವರ ತಾರೀಖು — ಎರಡನ್ನೂ ಈ ನಗರ ಅಳಿಸದೆ ಇಟ್ಟುಕೊಂಡಿದೆ.

ಬೀದಿಯ ಹೆಸರನ್ನೇ ಹೊತ್ತ ಒಂದು ಬೇಕರಿ 1930ರ ದಶಕದಿಂದ ಇಲ್ಲಿ ನಡೆದುಬಂದಿದೆ. ಹೊರಗಿನಿಂದ ನೋಡಿದರೆ ಸಾಮಾನ್ಯ ಅಂಗಡಿ. ಒಳಗೆ ತೆಂಗಿನಕಾಯಿ, ಬೆಲ್ಲ, ತುಪ್ಪಗಳ ಪರಿಮಳ. ಕೇರಿಯ ತಿಂಡಿಗಳಲ್ಲಿ ಹೆಸರಾದುದು ಬೆಬಿಂಕ. ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಹಿಟ್ಟು ಬೆರೆಸಿದ ಹಿಟ್ಟಿನ ರಸವನ್ನು ಒಂದು ಪದರ ಹೊಯ್ದು, ಮೇಲಿನಿಂದ ಕೆಂಡದ ಕಾವು ಕೊಟ್ಟು, ಅದು ಬೆಂದ ಮೇಲೆ ತುಪ್ಪ ಸವರಿ ಇನ್ನೊಂದು ಪದರ ಹೊಯ್ಯಬೇಕು. ವಾಡಿಕೆಯ ಲೆಕ್ಕ ಏಳು ಪದರ. ಅವಸರದವರಿಗೆ ಒಗ್ಗದ ತಿಂಡಿಯಿದು. 2023ರಲ್ಲಿ ಗೋವೆಯ ಬೆಬಿಂಕಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೆಲ್ಲ, ಅಕ್ಕಿ, ತೆಂಗಿನ ಹಾಲಿನ ‘ದೊದೊಲ್’ ಅನ್ನು ಬಾಯಿಗಿಟ್ಟ ಮಂಗಳೂರು ಕಡೆಯವರು ಅದರಲ್ಲಿ ತಮ್ಮ ಮನೆಯ ಹಲ್ವದ ಬಂಧುತ್ವವನ್ನು ಗುರುತಿಸದಿರರು.

ಗೋವೆಯ ದಿನ ಆರಂಭವಾಗುವುದು ‘ಪೊದೆರ್’ನ ಸೈಕಲ್ ಹಾರ್ನಿನಿಂದ. ಪೊದೆರ್ ಎಂದರೆ ರೊಟ್ಟಿ ಮಾರುವವನು. ಅವನ ಬುಟ್ಟಿಯಲ್ಲಿ ಪಾವು, ಗೋಧಿ ತೌಡಿನ ಪೊಯಿ, ಬಳೆಯಾಕಾರದ ಕಾಂಕೊಣ್ ಇರುತ್ತವೆ. ಈ ಕಸುಬಿನ ಹಳೆಯ ಮನೆತನಗಳ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋದ ಮೇಲೆ ಗೋವೆಯ ಎಷ್ಟೋ ಬೇಕರಿಗಳಲ್ಲಿ ಒಲೆಯ ಮುಂದೆ ನಿಂತವರು ಕರ್ನಾಟಕ ಮೊದಲಾದ ಕಡೆಗಳಿಂದ ಬಂದ ದುಡಿಮೆಗಾರರು. ಮನೆಗಳ ದುರಸ್ತಿಯಲ್ಲಿ ಕಲ್ಲು ಹೊತ್ತವರಲ್ಲಿಯೂ ಉತ್ತರ ಕರ್ನಾಟಕದವರು ಬಹಳ. ಪ್ರವಾಸಿಗನು ಚಿತ್ರ ತೆಗೆಯುವ ಪರಂಪರೆಯ ಹಿಂದೆ ಇವರ ಬೆವರಿದೆ. ಇಂತಹ ಕುಟುಂಬಗಳ ಮಕ್ಕಳಿಗಾಗಿಯೇ ವಾಸ್ಕೋ ಪರಿಸರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ನಡೆದುಬಂದಿವೆ.

ಊಟದ ಮನೆಗಳು ಓಣಿಗಳ ಒಳಗೆ ಅಡಗಿವೆ. ‘ವಿವಾ ಪಂಜಿಂ’ನಂತಹ ಹೋಟೆಲುಗಳು ನಿಜಕ್ಕೂ ಯಾರದೋ ಮನೆಯ ಕೆಳಗಿನ ಕೋಣೆಗಳು, ‘ಹೊಸ್ಪೆದಾರಿಯಾ ವೆನಿತೆ’ಯಲ್ಲಿ ಮರದ ಮೆಟ್ಟಿಲೇರಿ ಇಬ್ಬರೇ ಕೂರಬಹುದಾದ ಮೊಗಸಾಲೆಯಲ್ಲಿ ಕುಳಿತು ಬೀದಿ ನೋಡುತ್ತ ಉಣ್ಣಬಹುದು. ಬಡಿಸುವ ಪದಾರ್ಥಗಳ ಹೆಸರುಗಳಲ್ಲಿ ಸಮುದ್ರಯಾನದ ಚರಿತ್ರೆಯೇ ಅಡಗಿದೆ. ‘ವಿಂದಾಲು’ ಎಂಬುದರಲ್ಲಿ ಆಲೂಗಡ್ಡೆಯಿಲ್ಲ. ಅದು ಹುಳಿದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಗಳ ಪೋರ್ತುಗೀಸ್ ಹೆಸರಿನಿಂದ ಬಂದ ಮಾತು. ‘ಕಾಫ್ರಿಯಾಲ್’ ಆಫ್ರಿಕಾದ ಮೊಜಾಂಬಿಕ್‌ನಿಂದ ಬಂದ ಅಡುಗೆ. ‘ಶಾಗುತಿ’ಯಲ್ಲಿ ಹುರಿದು ಅರೆದ ತೆಂಗಿನಕಾಯಿಯ ಮಸಾಲೆ, ‘ಅಂಬೊಟ್ ತಿಕ್’ನಲ್ಲಿ ಹುಳಿ ಮತ್ತು ಖಾರ. ಊಟದ ಕೊನೆಗೆ ಬರುವ ಕೋಕಂ ಕಢಿಯಂತೂ ಹೊರಗಿನದಲ್ಲ. ಕಾಸರಗೋಡು–ಮಂಗಳೂರಿನಲ್ಲಿ ಪುನರ್ಪುಳಿ, ಉತ್ತರ ಕನ್ನಡದಲ್ಲಿ ಮುರುಗಲು ಎಂದು ಕರೆಯುವ ಹಣ್ಣಿನದೇ ಸಾರವದು.

ಗೋವೆಯ ಕೇರಿಗಳಲ್ಲಿ ‘ತಾವೆರ್ನ್’ ಎಂಬ ಸಣ್ಣ ಪಾನಗೃಹಗಳೂ ಹಿಂದಿನಿಂದ ಇವೆ. ನಾಲ್ಕು ಬೆಂಚು, ಒಂದು ಕಪಾಟು, ಗೇರುಹಣ್ಣಿನಿಂದ ಭಟ್ಟಿಯಿಳಿಸಿದ ಫೆನಿ. ಅದಕ್ಕೆ 2009ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಗೇರುಮರವೇ ಪೋರ್ತುಗೀಸರು ಬ್ರೆಜಿಲಿನಿಂದ ತಂದುದು. ಕುಡಿತವು ಮನೆಗಳನ್ನು ಕೆಡಿಸಿದ ಕಥೆಗಳು ಇಲ್ಲಿಯೂ ಇಲ್ಲದಿಲ್ಲ. ಆದರೂ ಈ ಪುಟ್ಟ ಕೋಣೆಗಳು ನೆರೆಹೊರೆಯ ಗಂಡಸರು ಸಂಜೆ ಸೇರಿ ಊರಿನ ಸುದ್ದಿ ಮಾತಾಡುತ್ತಿದ್ದ ಕಟ್ಟೆಗಳೂ ಆಗಿದ್ದವು. ‘ಜೋಸೆಫ್ ಬಾರ್’ನಂತಹ ಹಳೆಯ ಕೋಣೆಗಳನ್ನು ಹೊಸ ಪೀಳಿಗೆಯವರು ಮತ್ತೆ ಚೊಕ್ಕಟಗೊಳಿಸಿದ್ದಾರೆ. ಈಗ ಅಲ್ಲಿ ನೆರೆಯವರಿಗಿಂತ ಪರವೂರಿನವರೇ ಹೆಚ್ಚು; ಜಾಗ ಸಾಲದೆ ಓಣಿಯಲ್ಲಿಯೇ ನಿಲ್ಲುತ್ತಾರೆ.

ಅಂಗಡಿಗಳಲ್ಲಿ ಕಣ್ಸೆಳೆಯುವುದು ‘ಅಝುಲೆಜು’ ಎಂಬ ಚಿತ್ರದ ಬಿಲ್ಲೆ. ನುಣುಪಾದ ಕಲ್ಲು ಎಂಬ ಅರ್ಥದ ಅರಬ್ಬಿ ಶಬ್ದದಿಂದ ಬಂದ ಹೆಸರು. ಬಿಳಿಯ ಬಿಲ್ಲೆಯ ಮೇಲೆ ನೀಲಿಯಿಂದ ಹಡಗು, ಹೂಬಳ್ಳಿ, ಸಂತೆಯ ದೃಶ್ಯಗಳನ್ನು ಕೈಯಿಂದ ಬರೆದು ಸುಡುತ್ತಾರೆ. ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂದ ಅವರ ಗೆರೆಗಳೂ ಬಿಲ್ಲೆಗಳ ಮೇಲೆ, ಬಟ್ಟಲುಗಳ ಮೇಲೆ ಮೂಡಿವೆ. ಹಿಂದೆ ಶಾಲೆಯಾಗಿದ್ದ ಒಂದು ಕಟ್ಟಡದಲ್ಲಿ ಈಗ ಚಿತ್ರಶಾಲೆಯೂ ವಸತಿಗೃಹವೂ ಇವೆ.

ಈ ಬಿಲ್ಲೆಗಳು ಮಾರಾಟದ ಸರಕು ಮಾತ್ರವಲ್ಲ. ಹಲವು ಮನೆಗಳ ಸಂಖ್ಯೆ, ಹಲವು ಓಣಿಗಳ ಹೆಸರು ಅವುಗಳ ಮೇಲೆಯೇ ಬರೆದಿದೆ. ಬೀದಿಗೆ ‘ರುವಾ’, ಮನೆಗೆ ‘ಕಾಝಾ’. ಓದುವವನು ಪೋರ್ತುಗಾಲದ ಊರಿಗೇ ಬಂದೆನೆಂದು ಭ್ರಮಿಸಬೇಕು. ಆದರೆ ಕಿವಿಗೆ ಬೀಳುವ ಮಾತು ಬೇರೆ. ಮನೆಯೊಳಗೆ ಪೋರ್ತುಗೀಸ್ ಆಡುವ ಹಿರಿಯರು ವಿರಳರಾಗಿದ್ದಾರೆ. 1961ರವರೆಗೆ ಆ ಭಾಷೆಗೆ ಕಚೇರಿಯಿತ್ತು, ಗುಡ್ಡದ ಮೇಲೆ ಲೈಸಿಯಂ ಎಂಬ ದೊಡ್ಡ ವಿದ್ಯಾಲಯವಿತ್ತು. ಬಿಡುಗಡೆಯ ತರುವಾಯ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಎರಡು ತಲೆಮಾರಿನಲ್ಲಿ ಭಾಷೆಯು ನಾಲಿಗೆಯಿಂದ ಗೋಡೆಗೆ ಸರಿಯಿತು. ಇಂದು ಅದನ್ನು ಕಲಿಯಬಯಸುವವರಿಗೆ ಇದೇ ಕೇರಿಯ ಫುಂದಸಾಂವ್ ಓರಿಯೆಂತೆ ಎಂಬ ಸಂಸ್ಥೆಯು ತರಗತಿಗಳಿಗೆ ನೆರವಾಗುತ್ತದೆ.

ಇದಕ್ಕೆ ಎದುರಾಗಿ ಕೊಂಕಣಿಯ ಕಥೆಯನ್ನು ಇಟ್ಟು ನೋಡಬೇಕು. 1684ರಲ್ಲಿ ಪೋರ್ತುಗೀಸ್ ಸರ್ಕಾರವು ಆಜ್ಞೆಯನ್ನೇ ಹೊರಡಿಸಿ, ಜನರು ಊರಿನ ನುಡಿಯನ್ನು ಬಿಟ್ಟು ಪೋರ್ತುಗೀಸನ್ನೇ ಆಡಬೇಕೆಂದಿತು. ಕೊಂಕಣಿಗೆ ಚಿತ್ರದ ಬಿಲ್ಲೆಯಿರಲಿಲ್ಲ, ಲೈಸಿಯಂ ಇರಲಿಲ್ಲ, ಕಚೇರಿಯಿರಲಿಲ್ಲ. ಇದ್ದುದು ಅಡುಗೆಮನೆ, ಮೀನುಪೇಟೆ, ತೊಟ್ಟಿಲು. ಆಜ್ಞೆ ಮುನ್ನೂರು ವರ್ಷ ಹಳತಾದಾಗ ಕೊಂಕಣಿಯು ಬದುಕಿಯೇ ಇತ್ತು. 1987ರಲ್ಲಿ ಗೋವೆಯ ರಾಜಭಾಷೆಯಾಯಿತು, 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಫಲಕ ಬೇಡವೆಂದು ಇದರ ಅರ್ಥವಲ್ಲ. ಶಾಲೆ ಬೇಡವೆಂದಂತೂ ಅಲ್ಲವೇ ಅಲ್ಲ. ಗಡಿಯಾಚೆ ನೆಲೆಸಿದ ಕನ್ನಡಿಗರು ಫಲಕಕ್ಕೂ ಶಾಲೆಗೂ ಅರ್ಜಿ ಬರೆದು ಬರೆದು ಅವುಗಳ ಬೆಲೆಯನ್ನು ಬಲ್ಲವರು. ಆದರೆ ಮನೆಯವರು ಮಾತಾಡುವುದನ್ನು ನಿಲ್ಲಿಸಿದ ಮೇಲೆ ಎಂತಹ ಸುಂದರವಾದ ಫಲಕವೂ ಅಲಂಕಾರವಾಗಿಯೇ ಉಳಿಯುತ್ತದೆ ಎಂಬುದಕ್ಕೆ ಈ ಕೇರಿಯ ಗೋಡೆಗಳು ಸಾಕ್ಷಿ.

ಕೇರಿಗೂ ಇದೇ ಮಾತು ಒಪ್ಪುತ್ತದೆ. ಹೋಟೆಲು, ಅಂಗಡಿಗಳು ಬರದಿದ್ದರೆ ಎಷ್ಟೋ ಮಾಡುಗಳು ಕುಸಿದು ಬಿದ್ದಿರುತ್ತಿದ್ದವು. ಗೋಡೆಗಳನ್ನು ಉಳಿಸಿದುದು ಅವುಗಳ ಗಳಿಕೆಯೇ. ಆದರೆ ಬೆಳಗಾದರೆ ಮದುವೆಯ ಚಿತ್ರ ತೆಗೆಸುವ ಜೋಡಿಗಳು ಅಪರಿಚಿತರ ಜಗಲಿಯೇರಿ ನಿಲ್ಲುತ್ತವೆ, ಕಿಟಕಿಗೆ ಮುಖವಿಟ್ಟು ಇಣುಕುವವರಿದ್ದಾರೆ, ರಾತ್ರಿ ಗದ್ದಲ. ‘ಇದು ವಾಸದ ಮನೆ, ಚಿತ್ರ ತೆಗೆಯಬೇಡಿ’ ಎಂಬ ಅರ್ಥದ ಬರಹಗಳು ಹಲವು ಬಾಗಿಲುಗಳ ಪಕ್ಕದಲ್ಲಿ ಕಾಣಿಸುತ್ತವೆ. ಬಾಡಿಗೆ ಏರಿದಂತೆ ದಿನಸಿ ಅಂಗಡಿಯಿದ್ದಲ್ಲಿ ಕಾಫಿಗೃಹ ಬರುತ್ತದೆ. ವಾಸದ ಕೋಣೆ ಅತಿಥಿಗಳ ಕೋಣೆಯಾಗುತ್ತದೆ. ಜಗಲಿಯಲ್ಲಿ ಕುಳಿತು ಮಾತಾಡುವ ಅಜ್ಜಿ ಇಲ್ಲದಿದ್ದರೆ ಬಲ್ಕಾಂವ್ ಬರಿಯ ಕಲ್ಲು. ಕೇರಿಯನ್ನು ಕಾಯುವ ಕೆಲಸದಲ್ಲಿ ಸುಣ್ಣ–ಬಣ್ಣಕ್ಕಿಂತ ಕಷ್ಟದ ಭಾಗ ಇದೇ.

31 ಜನವರಿ ಬೀದಿಯು ಉತ್ತರಕ್ಕೆ ಸಾಂವ್ ತೊಮೆ ಎಂಬ ನೆರೆಕೇರಿಯನ್ನು ಮುಟ್ಟುತ್ತದೆ. ಅಲ್ಲಿನ ಅಂಚೆ ಕಚೇರಿ ಹಿಂದೆ ತಂಬಾಕು ವ್ಯಾಪಾರದ ಮನೆ. ಎದುರಿಗೆ ಒಂದು ಕಾಲದ ಟಂಕಸಾಲೆ. ಇನ್ನೂ ಮುಂದೆ ಮಾಂಡೋವಿಯ ದಂಡೆಯಲ್ಲಿ ಬಿಜಾಪುರದ ಆದಿಲಶಾಹನ ಅರಮನೆಯಿದೆ. ‘ಆದಿಲ್ ಖಾನ್’ ಎಂಬುದನ್ನು ಪೋರ್ತುಗೀಸರು ‘ಇದಲ್ಕಾಂವ್’ ಎಂದು ಉಚ್ಚರಿಸಿದರು. ಪಕ್ಕದಲ್ಲಿ 1945ರಲ್ಲಿ ನಿಲ್ಲಿಸಿದ ಅಬ್ಬೆ ಫಾರಿಯಾರ ಪ್ರತಿಮೆ. ಕಾಂದೊಳಿಯಲ್ಲಿ 1756ರಲ್ಲಿ ಹುಟ್ಟಿ, ಸಮ್ಮೋಹನ ವಿದ್ಯೆಯಲ್ಲಿ ಯೂರೋಪಿನಲ್ಲಿ ಹೆಸರು ಪಡೆದ ಪಾದ್ರಿ ಆತ. ಪೋರ್ತುಗಾಲದ ರಾಣಿಯ ಮುಂದೆ ಪ್ರವಚನಕ್ಕೆ ನಿಂತು ಮಾತು ತೊದಲಿದಾಗ, ಕೆಳಗಿದ್ದ ತಂದೆ ಕೊಂಕಣಿಯಲ್ಲಿ, ಇವರೆಲ್ಲ ಬರಿಯ ಸೊಪ್ಪುಸದೆ, ಕತ್ತರಿಸಿ ಹಾಕು ಎಂದು ಪಿಸುಗುಟ್ಟಿದನಂತೆ. ಮಗನ ಅಳುಕು ಮಾಯವಾಯಿತಂತೆ. ಗೋವೆಯವರು ಈ ಐತಿಹ್ಯವನ್ನು ಇಂದಿಗೂ ನಗುನಗುತ್ತ ಹೇಳುತ್ತಾರೆ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಬೆಳಗಿನ ಹೊತ್ತು ಮೇಲು. ಆಗ ಗದ್ದಲವಿಲ್ಲ, ಬೇಕರಿಯ ಒಲೆ ಬಿಸಿಯಿರುತ್ತದೆ, ಮನೆಯವರು ಜಗಲಿ ಗುಡಿಸುತ್ತಿರುತ್ತಾರೆ. ಕ್ಯಾಮರಾ ಎತ್ತುವ ಮೊದಲು ಒಂದು ಮಾತು ಕೇಳಿದರೆ ಹೆಚ್ಚಿನವರು ನಕ್ಕು ಒಪ್ಪುತ್ತಾರೆ. ಮಕ್ಕಳ ಕೈಗೆ ಒಂದು ಸಣ್ಣ ಪುಸ್ತಕ ಕೊಟ್ಟರೆ ಅವರಿಗೆ ಕೆಲಸವೂ ಸಿಕ್ಕಂತಾಯಿತು. ಪೋರ್ತುಗೀಸರು ಬೀಗದ ಕೈಯನ್ನು ‘ಚಾವೆ’ ಎಂದರು, ಕನ್ನಡದ ಮನೆಗಳಲ್ಲಿ ಅದು ಚಾವಿ. ಅವರ ‘ಜನೆಲಾ’ ಕರಾವಳಿಯ ಜನೇಲು, ‘ಬತಾತಾ’ ಬಟಾಟೆ, ‘ಅನನಾಸ್’ ಅನಾನಸು, ‘ಇಗ್ರೆಜಾ’ ಇಗರ್ಜಿ. ಬಿಲ್ಲೆಯ ಮೇಲೆ ಒಂಟಿಯಾಗಿರುವ ಭಾಷೆಯ ಈ ಮಾತುಗಳು ಕನ್ನಡದ ಅಡುಗೆಮನೆಯಲ್ಲಿ ಇನ್ನೂ ದಿನವೂ ಓಡಾಡುತ್ತಿವೆ. ಇಂತಹವು ಮತ್ತೆ ಎಷ್ಟಿವೆಯೆಂದು ಊರಿಗೆ ಮರಳಿದ ಮೇಲೆ ಅಜ್ಜಿಯನ್ನು ಕೇಳಿ ಪಟ್ಟಿಯನ್ನು ಬೆಳೆಸಬಹುದು.